ಅಡ್ಡ ನಡೆಯುವ ಆಡು

ಅಡ್ಡ ನಡೆಯುವ ಆಡಿನ ಕತೆ ನನ್ನದಲ್ಲ. ಕದ್ದದ್ದು. ಕತೆಯನ್ನೂ ಕದ್ದೆ, ಆ ಕತೆ ಇದ್ದ ಪುಸ್ತಕಗಳನ್ನೂ ಕದ್ದೆ — ಕದ್ದು, ತಪ್ಪನ್ನು ಸಮುದ್ರದ ತಲೆಗೆ ಕಟ್ಟಿದೆ.

ನನ್ನ ಮಕ್ಕಳು, ಮೊಮ್ಮಕ್ಕಳು, ಅಕ್ಕಪಕ್ಕದ ಮನೆಯವರ ಮಕ್ಕಳು ಎಲ್ಲರೂ ಈ ಕತೆ ಕೇಳುತ್ತಲೇ ಊಟ ಮಾಡಿದವರು. ಕೊಂಬಿದ್ದೂ ಸಮುದ್ರದಂಡೆಯ ಹೊಯಿಗೆಯಲ್ಲಿ ಬಿಲ ತೋಡಿ ಕೂರುವ ಆಡು, ಕರೆದರೆ ಎದುರಿಗೆ ಬಾರದೆ ಅಡ್ಡಕ್ಕೆ ಓಡುವ ಆಡು. "ಈ ಅಜ್ಜಿಗೆ ಇದೆಲ್ಲ ಎಲ್ಲಿಂದ ಹೊಳೆಯುತ್ತದೆ ಮಾರಾಯ್ರೇ!" ಎಂದು ಕಾರ್ಕಳದ ನಮ್ಮ ನೆರೆಯವರು ಹೇಳಿದಾಗಲೆಲ್ಲ ನಾನು ಸೆರಗು ಸರಿಮಾಡಿಕೊಂಡು ನಕ್ಕಿದ್ದೇನೆ. ಬಾಯಿಬಿಟ್ಟು ನನ್ನದೆಂದು ಹೇಳಲಿಲ್ಲ, ನಿಜ. ಆದರೆ ಆ ನಗು — ಅದೇ ಸುಳ್ಳು ಅಲ್ವಾ?

ಈ ಫೋನಿನಲ್ಲಿ ಟೈಪ್ ಮಾಡಲು ನನಗೆ ಮೊನ್ನೆ ಮೊನ್ನೆ ಕಲಿಸಿದವಳು ಮೊಮ್ಮಗಳು ಅನ್ವಿತಾ. ಮಣಿಪಾಲದಲ್ಲಿ ಓದುತ್ತಾಳೆ, ಚಿತ್ರ ಬರೆಯುತ್ತಾಳೆ. ಆಡಿನ ಕತೆಗೆ ಚಿತ್ರ ಬರೆದು ಪುಸ್ತಕ ಮಾಡುತ್ತಾಳಂತೆ. ಮುಖಪುಟದಲ್ಲಿ 'ಕತೆ: ರುಕ್ಮಿಣಿ ಅಜ್ಜಿ' ಎಂದು ಆಗಲೇ ಬರೆದು ತೋರಿಸಿದ್ದಳು.

"ನೀನೇ ಟೈಪ್ ಮಾಡಿ ಕಳಿಸಬೇಕು ಅಜ್ಜಿ. ನಿನ್ನ ಮಾತಿನಲ್ಲೇ ಇರಲಿ. ಕೊನೆ ಮಾತ್ರ ಈ ಸಲ ಸರಿಯಾಗಿ ಹೇಳು. ಪ್ರತಿ ಸಲ ಕೊನೆ ಬರುವಾಗ ನಿನಗೆ ನಿದ್ದೆ ಬರುವುದು ಎಂತಕ್ಕೆ?"

ಕೊನೆ ನನ್ನ ಹತ್ತಿರ ಇಲ್ಲ. ಎಂದೂ ಇರಲಿಲ್ಲ. ಎಂತಕ್ಕೆ ಇಲ್ಲ ಎಂದು ಹೇಳಬೇಕಾದರೆ ಕಾಪುವಿನಿಂದ ಶುರು ಮಾಡಬೇಕು.

ಕಾಪುವಿನಲ್ಲಿ ಸಮುದ್ರದ ಬದಿಯ ದೀಪಸ್ತಂಭ ಕಾಣುವಷ್ಟು ಹತ್ತಿರ ನನ್ನ ತಾಯಿಮನೆ. ಬೇಲಿಯಾಚೆ ಸೆಲಿನ್ ಮನೆ. ಅವಳ ಅಪ್ಪ ಹಡಗಿನಲ್ಲಿ ಅಡುಗೆ ಕೆಲಸದವರು. ರಜೆಯಲ್ಲಿ ಬರುವಾಗ, ಪ್ರಯಾಣಿಕರು ಓದಿ ಬಿಟ್ಟುಹೋದ ಇಂಗ್ಲಿಷ್ ಚಿತ್ರಕತೆಯ ಪುಸ್ತಕಗಳನ್ನು ತರುತ್ತಿದ್ದರು. ಕೋಟು ಹಾಕಿದ ಕರಡಿ, ಕೊಡೆ ಹಿಡಿದ ಮೊಲ, ಮುಖದಲ್ಲಿ ಪಟ್ಟೆ ಇರುವ ಇನ್ನೊಂದು ಪ್ರಾಣಿ. ಅದರ ಹೆಸರು ನಮಗಿಬ್ಬರಿಗೂ ಗೊತ್ತಿರಲಿಲ್ಲ. ನೋಡಲಿಕ್ಕೆ ನನ್ನ ಪೆರ್ಡೂರಿನ ಮಾವನ ಹಾಗೇ ಇದ್ದುದರಿಂದ ಪೆರ್ಡೂರು ಮಾವ ಎಂದೇ ಕರೆದೆವು. ಎಲ್ಲ ಪ್ರಾಣಿಗಳ ಬಾಯಿಂದಲೂ ಒಂದೊಂದು ಬಿಳಿ ಗುಳ್ಳೆ, ಗುಳ್ಳೆಯೊಳಗೆ ಮಾತು. ಆ ಮಾತಿನಲ್ಲಿ ಒಂದಕ್ಷರವೂ ನಮಗೆ ತಿಳಿಯದು.

ಸೆಲಿನ್ ಸುಮ್ಮನೆ ಕೂರುವವಳಲ್ಲ. ಅನ್ನದ ಅಗುಳು ತಿಕ್ಕಿ ಪ್ರತಿ ಗುಳ್ಳೆಯ ಮೇಲೂ ಬಿಳಿ ಕಾಗದ ಅಂಟಿಸಿದಳು. ಅದರ ಮೇಲೆ ತಾನೇ ಮಾತು ಬರೆದಳು. ಅವರ ಮನೆಯಲ್ಲಿ ಕೊಂಕಣಿ, ನಮ್ಮಲ್ಲಿ ತುಳು. ಪ್ರಾಣಿಗಳು ಎರಡೂ ಕಡೆಯವರಲ್ಲ ಎಂದು ತೀರ್ಮಾನಿಸಿ ಅವಕ್ಕೆ ಶಾಲೆಯ ಕನ್ನಡ ಕೊಟ್ಟಳು. ಕರಡಿ ನಮ್ಮ ಮಾಸ್ಟ್ರ ಹಾಗೆ, "ಎಲ್ಲರೂ ಕೈ ಕಟ್ಟಿ ಕುಳಿತುಕೊಳ್ಳಿರಿ" ಎನ್ನುತ್ತಿತ್ತು.

ಬರೆಯುವುದು ಅವಳು, ಓದುವುದು ನಾನು. ನಾಲ್ಕು ಜನರೆದುರು ಅವಳಿಗೆ ಬಾಯಿ ತೆರೆಯಲು ಬರುತ್ತಿರಲಿಲ್ಲ. ನನಗೆ ಮುಚ್ಚಲು ಬರುತ್ತಿರಲಿಲ್ಲ. ಸಂಜೆ ಸಮುದ್ರದ ಬದಿಯ ಬಂಡೆ ಹತ್ತಿ ನಾನು ಒಂದೊಂದು ಪ್ರಾಣಿಗೆ ಒಂದೊಂದು ಸ್ವರ ಮಾಡಿ ಓದುತ್ತಿದ್ದೆ, ಕೇರಿಯ ಮಕ್ಕಳೆಲ್ಲ ಕೆಳಗೆ ಹೊಯಿಗೆಯಲ್ಲಿ ಕೂತು ಕೇಳುತ್ತಿದ್ದರು.

ಒಂದು ದಿನ ಕತೆಯೊಳಗೆ ಏಡಿ ಬಂತು. "ಏಡಿ ಅಡ್ಡ ಅಡ್ಡ ನಡೆದು ಬಿಲದೊಳಗೆ ಹೋಯಿತು" ಎಂದು ಓದಿದೆ. ಕೆಳಗೆ ಕೂತವರಿಗೆ ಚಿತ್ರ ಕಾಣುತ್ತಿರಲಿಲ್ಲ. ತುಳುವಿನಲ್ಲಿ ಏಡಿಗೆ ಡೆಂಜಿ ಎನ್ನುವುದು. ಏಡ್ ಎಂದರೆ ನಮಗೆ ಆಡು. ಮಕ್ಕಳು ಆಡು ಎಂದೇ ತಿಳಿದರು.

"ಆಡು ಅಡ್ಡ ನಡೆಯುವುದಾ? ಬಿಲದೊಳಗೆ ಹೋಗುವುದಾ?" ಎಂದು ಬಿದ್ದು ಹೊರಳಾಡಿ ನಕ್ಕರು.

ತಪ್ಪು ತಿದ್ದಲು ಬಾಯಿ ತೆರೆದೆ. ಸೆಲಿನ್ ಹಿಂದಿನಿಂದ ನನ್ನ ಲಂಗ ಎಳೆದಳು. ಮರುದಿನ ನೋಡಿದರೆ — ಏಡಿಯ ತಲೆಯ ಮೇಲೆ ಪೆನ್ಸಿಲಿನಲ್ಲಿ ಎರಡು ಕೊಂಬು! ಗುಳ್ಳೆಯಲ್ಲಿ ಅವಳ ದುಂಡು ಅಕ್ಷರ: "ಹೌದು, ನಾನು ಆಡು. ನೇರ ನಡೆದು ನಡೆದು ಬೇಸರ ಬಂದಿದೆ."

ಆ ಒಂದು ಮಾತಿಗೆ ಕೇರಿಯ ಮಕ್ಕಳೆಲ್ಲ ನನ್ನ ಬೆನ್ನು ಹಿಡಿದರು. ನನ್ನ ಬೆನ್ನು, ಅವಳದ್ದಲ್ಲ. ಎಲ್ಲರ ಬಾಯಲ್ಲೂ ಅದು 'ರುಕ್ಕು ಅಕ್ಕನ ಆಡು' ಆಯಿತು. ಸೆಲಿನ್ ಬಂಡೆಯ ಬದಿಯಲ್ಲಿ ಕೂತು ತಾನೂ ನಗುತ್ತಿದ್ದಳು. ಅವಳ ಹೆಸರನ್ನು ಯಾರೂ ಹೇಳಲಿಲ್ಲ. ನಾನೂ —

ಆಮೇಲೆ ಅವಳ ಅಪ್ಪ ಮನೆಮಂದಿಯನ್ನೆಲ್ಲ ಮುಂಬೈಗೆ ಕರೆದುಕೊಂಡು ಹೋಗುವುದೆಂದಾಯಿತು. ಹೊರಡುವ ದಿನ ಬೆಳಿಗ್ಗೆ ಸೆಲಿನ್ ಬೇಲಿಯ ಹತ್ತಿರ ಬಂದಳು.

"ರುಕ್ಕು, ಪುಸ್ತಕ ಕೊಡು. ಆಡಿನದ್ದು ಕೊನೆಯ ಪುಟ ಬರೆಯಲಿಕ್ಕುಂಟು. ಬರೆದು ನಿನಗೆ ಪೋಸ್ಟಲ್ಲಿ ಕಳಿಸುತ್ತೇನೆ."

ಪುಸ್ತಕಗಳೆಲ್ಲ ನಮ್ಮ ಮನೆಯೊಳಗೆ, ಅಕ್ಕಿ ಮುಡಿಗಳ ಹಿಂದೆ ಇದ್ದವು. ಹಿಂದಿನ ದಿನವೇ ನಾನು ಅಡಗಿಸಿಟ್ಟಿದ್ದೆ. ಅವಳು ಹೋದರೆ ಬಂಡೆಯ ಮೇಲೆ ನಿಂತು ನಾನು ಎಂತ ಓದುವುದು? ನಾನು ಹೇಳಿದೆ:

"ಬಂಡೆಯ ಮೇಲಿಟ್ಟಿದ್ದೆ. ಸಮುದ್ರ ತಗೊಂಡು ಹೋಯಿತು."

ಅವಳು ಸಮುದ್ರದ ಕಡೆ ನೋಡಿದಳು. ಕಾಪುವಿನಲ್ಲಿ ಹುಟ್ಟಿದವರು ಸಮುದ್ರದ ಮೇಲಿನ ದೂರನ್ನು ಬೇಗ ನಂಬುತ್ತಾರೆ.

"ಇರಲಿ ಬಿಡು," ಎಂದಳು. "ಅದಕ್ಕೂ ಓದಲಿಕ್ಕೆ ಎಂತಾದರೂ ಬೇಕಲ್ಲ."

ಅವಳು ಅತ್ತಿದ್ದರೆ ನಾನು ಒಳಗೆ ಓಡಿಹೋಗಿ ತಂದುಕೊಡುತ್ತಿದ್ದೆನೋ ಏನೋ. ಇಲ್ಲ — ಹಾಗೆ ಹೇಳುವುದೂ ತಪ್ಪನ್ನು ಅವಳ ಮೇಲೆ ಹಾಕಿದ ಹಾಗೆ. ಅವಳು ಅಳಲಿಲ್ಲ. ನಾನು ಕೊಡಲಿಲ್ಲ.

ಮದುವೆಯಾಗಿ ಕಾರ್ಕಳಕ್ಕೆ ಬರುವಾಗ ಪುಸ್ತಕಗಳನ್ನು ಟ್ರಂಕಿನ ತಳದಲ್ಲಿ ಹಾಸಿದ ಪೇಪರಿನ ಅಡಿಯಲ್ಲಿಟ್ಟು ತಂದೆ. ತೆರೆದು ನೋಡಲು ಧೈರ್ಯ ಬರಲಿಲ್ಲ. ಟ್ರಂಕು ಅಟ್ಟ ಸೇರಿತು. ಗೆದ್ದಲು ತಿಂದಿರಬೇಕು ಎಂದು ಒಂದು ದಿನ ಅಂದುಕೊಂಡೆ. ಅಂದುಕೊಂಡದ್ದೇ ನಿಜ ಎಂದು ಮಾಡಿಕೊಂಡೆ. ಸೆಲಿನ್ ಕೆಲಸದಿಂದ ನಿವೃತ್ತಳಾಗಿ ಊರಿಗೆ ಬಂದು ಉಡುಪಿಯ ಕಡಿಯಾಳಿಯಲ್ಲಿ ತಂಗಿಯ ಜೊತೆ ಇರುವುದು ನನಗೆ ಗೊತ್ತಿತ್ತು. ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ ಅವಳೇ ಕೇಳಿದ್ದಳು, "ನಮ್ಮ ಆಡಿನ ಪುಸ್ತಕ ನೆನಪುಂಟಾ ರುಕ್ಕು?" ನಾನು ಅವಳ ಮೀನಿನ ಚೀಲದೊಳಗೆ ಇಣುಕಿ, "ಬಂಗುಡೆ ತಾಜಾ ಉಂಟಾ?" ಎಂದು ಕೇಳಿದೆ.

ಕಳೆದ ತಿಂಗಳು ಅಟ್ಟ ಗುಡಿಸಲು ಟ್ರಂಕು ಇಳಿಸಿದರು. ಪೇಪರ್ ಎತ್ತಿದವಳು ಅನ್ವಿತಾ. ಅಡಿಯಲ್ಲಿ ಅವು ಇದ್ದವು — ಹಾಗೇ.

ಇದನ್ನು ಹೇಗೆ ಹೇಳುವುದು ನನಗೆ ತಿಳಿಯುವುದಿಲ್ಲ. ನನ್ನ ಹಲ್ಲು ಹೋಗಿದೆ, ಕೂದಲು ಹೋಗಿದೆ, ನಾವು ಕೂರುತ್ತಿದ್ದ ಹೊಯಿಗೆಯ ಮುಕ್ಕಾಲು ಪಾಲನ್ನು ನಿಜವಾಗಿಯೂ ಸಮುದ್ರ ತಗೊಂಡು ಹೋಗಿದೆ. ಆದರೆ ಕರಡಿಯ ಕೋಟು ಅದೇ ಕೆಂಪು. ಮೊಲ ಇನ್ನೂ ಕೊಡೆ ಮಡಚಿಲ್ಲ. ಪೆರ್ಡೂರು ಮಾವ ಎತ್ತಿದ ಕಾಲನ್ನು ಇಳಿಸಿಲ್ಲ. ಅಗುಳು ತಿಕ್ಕಿ ಅಂಟಿಸಿದ ಕಾಗದ ಒಂದೂ ಬಿಟ್ಟಿಲ್ಲ. ಕೆಲವು ಕಡೆ ಅಗುಳಿನ ಗಂಟು ಬೆರಳಿಗೆ ಸಿಗುತ್ತದೆ. ನಾನು ಕತ್ತಲೆಗೆ ಹಾಕಿಟ್ಟರೂ ಆ ಪ್ರಾಣಿಗಳು ಮಾತಾಡುತ್ತಲೇ ಇದ್ದವು, ಅಷ್ಟು ಕಾಲ, ಸೆಲಿನ್‌ಳ ಅಕ್ಷರದಲ್ಲಿ. ಕೊಂಬಿನ ಏಡಿ ಬಂದಾಗ ನನ್ನ ಕೈ ತನ್ನಷ್ಟಕ್ಕೆ ಮುಗಿಯಿತು. ದೇವಸ್ಥಾನದಲ್ಲಿ ಕೂಡ ಹಾಗೆ ಮುಗಿದದ್ದು ನೆನಪಿಲ್ಲ.

"ಅಯ್ಯೋ ಅಜ್ಜಿ, ಇದು ಆಡು! ನಿನ್ನ ಆಡು!" ಅನ್ವಿತಾ ಕುಣಿದಳು. ಆಮೇಲೆ ಹತ್ತಿರ ಹಿಡಿದು ನೋಡಿ, "ಆದರೆ ಇದು ನಿನ್ನ ಅಕ್ಷರ ಅಲ್ಲ ಅಲ್ವಾ?" ಎಂದಳು.

"ನನ್ನದೇ," ಎಂದೆ. "ಸಣ್ಣದಿರುವಾಗ ದುಂಡಗೆ ಬರೆಯುತ್ತಿದ್ದೆ."

ಈ ಸಲ ನಾನು ಲಂಗದ ಹುಡುಗಿಯಲ್ಲ. ಬುದ್ಧಿ ಬಲಿತ ಮುದುಕಿ. ಬೇಲಿಯ ಹತ್ತಿರ ಹೇಳಿದ ಸುಳ್ಳಿಗಿಂತ ಈ ಸುಳ್ಳು ದೊಡ್ಡದು ಎಂದು ನನಗೆ ಗೊತ್ತು. ಅವಳು ಕೊನೆಯ ಪುಟ ತಿರುಗಿಸಿದಳು. ಕೊಂಬಿನ ಏಡಿ ಒಂದೇ ನಿಂತಿದೆ. ಮೊದಲ ಸಲ ನಮ್ಮ ಕಡೆಗೆ ನೇರ ಮುಖ ಮಾಡಿದೆ, ಬಾಯಿ ತೆರೆದಿದೆ. ದೊಡ್ಡ ಗುಳ್ಳೆ, ಅಂಟಿಸಿದ ಕಾಗದ. ಅಕ್ಷರ ಇಲ್ಲ.

"ಇದರಲ್ಲಿ ಎಂತ ಬರೆಯಬೇಕೆಂದಿದ್ದೆ ಅಜ್ಜಿ?"

ಆಡೂ ನಾನೂ ಬಾಯಿ ತೆರೆದು ಒಬ್ಬರನ್ನೊಬ್ಬರು ನೋಡಿದೆವು. ಆಮೇಲೆ ನಾನು ಹೇಳಿದೆ, "ಅದನ್ನು ಬರೆಯಬೇಕಾದವಳು ಕಡಿಯಾಳಿಯಲ್ಲಿ ಇದ್ದಾಳೆ. ನಾನು ಕಳ್ಳಿ."

ಅನ್ವಿತಾಳೇ ನನ್ನನ್ನು ಕರೆದುಕೊಂಡು ಹೋದಳು. ಸೆಲಿನ್ ಬಾಗಿಲು ತೆಗೆದು, "ಬಾ ರುಕ್ಕು, ಇವತ್ತು ಬಂಗುಡೆ ಇಲ್ಲ" ಎಂದಳು. ನಾನು ಚಪ್ಪಲಿ ಬಿಡುವ ಮೊದಲೇ ಹೇಳಿದೆ. ಒಳಗೆ ಹೋದರೆ ಮತ್ತೆ ಹೇಳುವವಳಲ್ಲ ನಾನು.

"ಸೆಲಿನ್, ಸಮುದ್ರ ತಗೊಳ್ಳಲಿಲ್ಲ. ನಾನು ತಗೊಂಡೆ."

ನಾನು ಕೊಟ್ಟ ಪುಸ್ತಕಗಳ ಕಟ್ಟನ್ನು ಅವಳು ಬಿಚ್ಚಿ ನೋಡಿದಳು. ತುಂಬ ಹೊತ್ತು ಒಂದೊಂದೇ ಪುಟ. ಪೆರ್ಡೂರು ಮಾವ ಬಂದಾಗ ನಕ್ಕಳು. ಆಮೇಲೆ ಕನ್ನಡಕ ತೆಗೆದು, "ಕಳ್ಳಿ. ಸಮುದ್ರವನ್ನು ನಾನು ಎಷ್ಟು ಬೈದಿದ್ದೇನೆ ಗೊತ್ತುಂಟಾ ನಿನಗೆ?" ಎಂದಳು.

ಕೊನೆಯ ಪುಟ ಬಂತು. ಅನ್ವಿತಾ ಮೆಲ್ಲ ಪೆನ್ಸಿಲ್ ಮುಂದೆ ಹಿಡಿದಳು. ಸೆಲಿನ್ ತೆಗೆದುಕೊಳ್ಳಲಿಲ್ಲ. ಖಾಲಿ ಗುಳ್ಳೆಯ ಮೇಲೆ ಬೆರಳಿಟ್ಟುಕೊಂಡು ಕೂತಳು.

"ಆಗ ಗೊತ್ತಿತ್ತು," ಎಂದಳು. "ಮುಂಬೈಗೆ ಹೋಗುವ ದಾರಿಯಲ್ಲೆಲ್ಲ ಮರೆಯಬಾರದು ಎಂದು ಬಾಯಲ್ಲಿ ಹೇಳಿಕೊಂಡೇ ಹೋದೆ. ಆಮೇಲೆ ಪುಸ್ತಕವೇ ಇಲ್ಲ, ಯಾರಿಗೆ ಹೇಳುವುದು ಎಂದು ಬಿಟ್ಟೆ. ಈಗ ಇಲ್ಲ ಮಾರಾಯ್ತಿ. ಹೋಗಿದೆ."

ನಾನು ಕದ್ದದ್ದು ಪುಸ್ತಕ ಎಂದುಕೊಂಡಿದ್ದೆ. ಪುಸ್ತಕ ಹಿಂದೆ ಕೊಡಬಹುದು.

ಕ್ಷಮಿಸು ಎಂದು ಕೇಳಲಿಲ್ಲ; ಕೇಳಿದರೆ ಅವಳು ಇಲ್ಲ ಎನ್ನುವವಳಲ್ಲ, ಅದಕ್ಕೇ. ಪುಸ್ತಕಗಳು ಈಗ ಕಡಿಯಾಳಿಯಲ್ಲಿ ಇವೆ. ಅನ್ವಿತಾ ಮುಖಪುಟ ಬದಲಿಸಿದ್ದಾಳೆ — 'ಕತೆ: ಸೆಲಿನ್'. ನನ್ನ ಹೆಸರು ಎಲ್ಲಿಯೂ ಬೇಡ ಎಂದಿದ್ದೇನೆ. ಕೊನೆಯ ಪುಟದ ಗುಳ್ಳೆ ಖಾಲಿಯಾಗಿಯೇ ಅಚ್ಚಾಗುತ್ತದೆ.

ಇನ್ನು ಮಕ್ಕಳು ಕತೆ ಕೇಳಿದರೆ ನನಗೆ ನಿದ್ದೆ ಬರುವುದಿಲ್ಲ. ಆಡು ನೇರ ತಿರುಗಿ ನಿಂತು ಬಾಯಿ ತೆರೆಯಿತು ಎನ್ನುತ್ತೇನೆ. ಎಂತ ಹೇಳಿತು ಅಜ್ಜಿ, ಎಂದು ಕೇಳಿಯೇ ಕೇಳುತ್ತಾರೆ. ಅದು ಸೆಲಿನ್‌ಗೆ ಗೊತ್ತಿತ್ತು, ಅವಳಿಗೆ ಹೇಳಲು ನಾನು ಬಿಡಲಿಲ್ಲ — ಎನ್ನುತ್ತೇನೆ.