ಹೆಣದ ಕ್ಯಾಮೆರಾದ ಮುಂದೆ ಸಾಬವ್ವ

ನಮ್ಮ ಕಾಕಾ ಅವ್ವಣ್ಣ ಗೌಂಡಿ. ಯಾದಗಿರಿ ಕಡೆಯಿಂದ ಪುಣೆಗೆ ಬಂದು ನಿಗಡಿಯಲ್ಲಿ ಕಂಡವರ ಮನೆಗಳನ್ನೆಲ್ಲ ಕಟ್ಟಿದ, ತಾನು ಮಾತ್ರ ತಗಡಿನ ಕೆಳಗೇ ಸತ್ತ. ಅದು ೧೯೮೧. ಮಕ್ಕಳಿರಲಿಲ್ಲ. ಅವನ ಮಹಾ ಆಸ್ತಿ ನನ್ನ ಪಾಲಿಗೆ ಬಂತು: ಒಂದು ಕರಣಿ, ಒಂದು ತೂಗುಗುಂಡು, ಮತ್ತೆ ಆ ದರಿದ್ರ ಕ್ಯಾಮೆರಾ. ಯಾವುದೋ ಹಳೇ ಬಂಗಲೆ ಕೆಡವುವಾಗ ಮಾಲಕ ಬಿಸಾಕಿದ್ದು. ಎಳೆದರೆ ಹಾರ್ಮೋನಿಯಂ ತಿದಿಯ ಹಾಗೆ ಮುಂದಕ್ಕೆ ಚಾಚುತ್ತದೆ.

ನಮ್ಮ ಜನವೋ, ಅಪ್ಪ ಬದುಕಿದ್ದಾಗ ಅವನ ಮುಖ ನೋಡುವುದಿಲ್ಲ. ಸತ್ತ ಮೇಲೆ ಮೀಯಿಸಿ, ಗೋಡೆಗೆ ಒರಗಿಸಿ ಕೂರಿಸಿ, ಹೂವು ಹಾಕಿ, ಸುತ್ತ ತಾವೂ ಕೂತು ಫೋಟೋ ತೆಗೆಸುತ್ತಾರೆ. ಕಾಕಾ ಇಪ್ಪತ್ತು ವರ್ಷ ತೆಗೆದದ್ದು ಅದನ್ನೇ. ತಗಡಿನ ಮನೆಗಳ ನಮ್ಮ ವಸ್ತಿಯವರು ಅದಕ್ಕೆ ಹೆಣದ ಕ್ಯಾಮೆರಾ ಅಂತಲೇ ಹೆಸರಿಟ್ಟಿದ್ದರು.

ನನ್ನ ಕೈಗೆ ಬಂದಾಗ ತಿದಿ ಹರಿದಿತ್ತು, ಶಟರ್ ಸಿಕ್ಕಿಕೊಂಡಿತ್ತು. ಗುಜರಿಗೆ ಹಾಕಲು ಹೊರಟೆ. ಕಾಕಾನ ಹೆಂಡತಿ ಸಾಬವ್ವ ಬಾಗಿಲಿಗೆ ಅಡ್ಡ ನಿಂತಳು. ಮರಳು ಹೊತ್ತು ಹೊತ್ತು ಅವಳ ಎದೆ ಗೊರಗೊರ ಅನ್ನುತ್ತಿತ್ತು. ಹೆಚ್ಚು ದಿನ ಇಲ್ಲ ಎಂದು ಡಾಕ್ಟರ್ ಹೇಳಿಯಾಗಿತ್ತು.

"ರಿಪೇರಿ ಮಾಡ್ಸು. ಇದ್ರಾಗ ನನ್ನ ಫೋಟೋ ತಗಿ."

"ಫೋಟೋ ಬೇಕಂದ್ರ ಸ್ಟುಡಿಯೋಕ್ಕ ನಡಿ ಚಿಗವ್ವ. ಈ ಡಬ್ಬಿ ಯಾಕ?"

"ಇಪ್ಪತ್ತು ವರ್ಷ ಇದ್ರ ಧೂಳ ನಾ ಒರಸೀನಿ. ಒಂದ್ ಸಲ ನನ್ ಕಡಿ ತಿರುಗ್ಸು ಅಂದ್ರ, ಜೀವ ಇದ್ದೋರಿಗಿ ರೀಲ್ ಯಾಕ ಹಾಳ ಮಾಡ್ಲಿ ಅಂತಿದ್ದ ನಿಮ್ಮ ಕಾಕಾ. ಈಗ ನೋಡು, ಅವನೇ ಮೊದಲ ಹೋದ. ನಾ ಕಣ್ಣ ತೆರದಾಗೇ ತಗಿ, ಇದ್ರಾಗೇ ತಗಿ."

ಬುಧವಾರ ಪೇಠೆಯ ರಿಪೇರಿಯವನು ನಕ್ಕ. "ಭಾವು, ಶೋಕೇಸ್‌ಮಧ್ಯೆ ಠೇವಾ," ಎಂದ, ಶೋಕೇಸಿನಲ್ಲಿಡು ಅಂತ. ತಗಡಿನ ಮನೆಗೆ ಶೋಕೇಸಂತೆ, ನಾಯಿಮಗ! ಸರಿಮಾಡಿದರೂ ಶಟರ್ ನಿಧಾನವೇ, ಕೂತವರು ಅಲುಗಿದರೆ ಕೆಟ್ಟಿತು ಎಂದೂ ಹೇಳಿದ. ಬೇಡವೇ ಬೇಡ ಎಂದುಕೊಂಡು ವಾಪಸು ಬಂದೆ.

ವಸ್ತಿಯ ಹಿರಿಯ ಎನಿಸಿಕೊಂಡ ಈರಬಸಪ್ಪ ಕಾದು ಕೂತಿದ್ದ.

"ಅದ್ನ ಪವನಾ ಹೊಳಿಗಿ ಒಗದು ಬಾ. ನಡುವ ಹೆಣ ಇಲ್ದ ಬರೇ ಜೀವಂತ ಮಂದಿ ಮ್ಯಾಲ ತಿರುಗಿಸಿದ್ರ ಸಾಲಾಗಿ ಹೆಣ ಬೀಳ್ತಾವ."

ಇವನ ಮನೆ ಗೋಡೆಯ ಮೇಲೆ ಇವನಪ್ಪನ ಹೆಣ ತೂಗುತ್ತಿದೆ, ಕಾಕಾ ತೆಗೆದದ್ದೇ. ಮುಚ್ಚಿದ ಕಣ್ಣಿನ ಮೇಲೆ ಸ್ಟುಡಿಯೋದವನಿಂದ ತೆರೆದ ಕಣ್ಣು ಬರೆಸಿದ್ದಾನೆ. ಮೆಳ್ಳಗಣ್ಣು ಬೇರೆ.

"ಮೊದಲ ನಿಮ್ಮಪ್ಪನ್ನ ಗ್ವಾಡಿ ಮ್ಯಾಲಿಂದ ಇಳಸೋ! ಆಮ್ಯಾಲ ನನಗ ಶಾಣ್ಯಾತನ ಹೇಳು!"

ಅವನ ಉರಿದ ಮೋರೆ ನೋಡಿದ ಮೇಲೆ ನನಗೂ ಹಟ ಬಂತು. ಮರುದಿನವೇ ಕ್ಯಾಮೆರಾ ರಿಪೇರಿಗೆ ಕೊಟ್ಟೆ.

ಹದಿನೈದು ದಿನಕ್ಕೆ ಅದು ಹೊಸ ಚರ್ಮದ ತಿದಿ ಹಾಕಿಸಿಕೊಂಡು ಬಂತು. ಚಿಗವ್ವ ಇಳಕಲ್ ಸೀರೆ ಉಟ್ಟು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡಳು. ಈರಬಸಪ್ಪನೂ ಸೇರಿ ಈ ಧೈರ್ಯವಂತರೆಲ್ಲ ದೂರ ನಿಂತಿದ್ದರು, ಹೆಂಗಸರು ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು.

"ಉಸಿರ ಬಿಗಿ ಹಿಡಿ. ತುಟಿ ಅಲುಗಬಾರ್ದು," ಎಂದು ಹೇಳಿ ಒತ್ತಿದೆ.

ಒತ್ತಿದ್ದೇ ತಡ, ಕುತ್ತಿಗೆ ಹೊರಳಿಸದೆ ಚೀರಿದಳು: "ಏ ಈರ್ಯಾ, ನೀನೂ ಬಾರೋ, ನಿನ್ದೂ ಒಂದ್ ತಗೀತಾನ!"

ಆಮೇಲೆ ಮತ್ತೆ ನಾಲ್ಕಾರು ಸಲ ಒತ್ತಿದ್ದೆ, ಅವೆಲ್ಲ ಬೆಳಕು ತಿಂದು ಹೋಗಿದ್ದವು, ಬಂದದ್ದು ಆ ಮೊದಲನೆಯದೊಂದೇ. ಕಣ್ಣು ಚೆನ್ನಾಗಿ ಬಂದಿತ್ತು, ಗಿಡುಗನ ಕಣ್ಣಿನ ಹಾಗೆ. ಮೂಗಿನ ಕೆಳಗೆ ಮಾತ್ರ ಸುಣ್ಣ ಬಳಿದಂತೆ ಬಿಳಿ. ಸ್ಟುಡಿಯೋದಿಂದ ದಾರಿಯುದ್ದಕ್ಕೂ ಬೈದುಕೊಳ್ಳುತ್ತ ಬಂದು ಅವಳ ಕೈಗಿಟ್ಟೆ.

ಹಿಂದೆ ಮುಂದೆ ತಿರುಗಿಸಿ ನೋಡಿದಳು. "ನನ್ನ ಬಾಯಿ ಎಲ್ಲದೋ?"

"ಮುಚ್ಚಿದ್ರ ಬರ್ತಿತ್ತು!"

"ಮುಚ್ಚೋದು ಮುಂದ ಇದ್ದೇ ಅದ," ಎಂದು ಅವಳು ಗೋಡೆಗೆ ಹೊಡೆಯಲು ಮೊಳೆ ಹುಡುಕತೊಡಗಿದಳು.