ಸಾಲು ಕೂಡಿಸಿದ ಅಕ್ಕೋರು

ಎದುರಿಗೆ ಯಾರೇ ಮಾತಾಡುತ್ತಿರಲಿ, ನಮ್ಮ ಟೈಪಿಂಗ್ ಅಕ್ಕೋರ ಬೆರಳುಗಳು ಆ ಮಾತನ್ನು ತೊಡೆಯ ಮೇಲೆ ಹೊಡೆಯುತ್ತಿದ್ದವು. ಇಳಕಲ್ ಸೀರೆಯ ಮೇಲೆ ಹತ್ತೂ ಬೆರಳು ಸದ್ದಿಲ್ಲದೆ ಏಳುತ್ತ ಬೀಳುತ್ತ ಇರುತ್ತಿದ್ದವು. ಮಾತು ಉದ್ದವಾದರೆ ಎಡಗೈ ತಾನಾಗಿ ಮೇಲೆದ್ದು, ಗಾಳಿಯಲ್ಲಿ ಏನನ್ನೋ ಬಲಕ್ಕೆ ನೂಕಿ, ಮತ್ತೆ ತೊಡೆಗೆ ಬರುತ್ತಿತ್ತು. ಟೈಪ್‌ರೈಟರಿನಲ್ಲಿ ಸಾಲು ಮುಗಿದಾಗ ಮಾಡುವ ಕೆಲಸ ಅದು. ತರಕಾರಿಯವಳು ಬದನೆಕಾಯಿ ದರ ಹೇಳಿದರೂ ಅಷ್ಟೇ, ಮನೆಗೆ ಬಂದ ಆಚಾರ್ಯರು ಪುರಾಣ ಹೇಳಿದರೂ ಅಷ್ಟೇ. ಉಗುರಿನ ಸಂದಿಯಲ್ಲಿ ಕೂತ ರಿಬ್ಬನ್ನಿನ ಕರಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. "ಈ ಕೈಲೆ ಮಡಿ ಅಡಗಿ ನಡೀತದೇನು ಅಂತ ನಮ್ಮ ವೈನಿ ಕೇಳ್ತಾಳ. ನಡೀಲಿಲ್ಲಂದ್ರ ನೀನೇ ಮಾಡವಾ ಅಂತೀನಿ" ಎಂದು ಅಣ್ಣನ ಹೆಂಡತಿಯ ಮಾತು ಹೇಳಿ ನಗುತ್ತಿದ್ದರು.

ಶಹಾಬಾದಿನಲ್ಲಿ ಅಣ್ಣನ ಮನೆಯ ಮುಂದಿನ ಕೋಣೆಯೇ ಅವರ ಟೈಪಿಂಗ್ ಶಾಲೆ. ಅಣ್ಣ ಹನುಮಪ್ಪನ ಗುಡಿಯ ಪೂಜೆ ಮಾಡುತ್ತಿದ್ದರು, ತಂಗಿ ಮಶೀನುಗಳದು. ಮದುವೆ ಮಾಡಿಕೊಂಡಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ನನ್ನದು ಪಕ್ಕದ ಭಂಕೂರ. ಅಪ್ಪ ಕಲ್ಲಿನ ಖಣಿಯಲ್ಲಿ ನೆಲಕ್ಕೆ ಹಾಸುವ ಪರಸಿ ಒಡೆಯುತ್ತಿದ್ದ. ತೊಂಬತ್ತರ ದಶಕದ ನಡುವೆ ನಾನು ಪಿಯುಸಿ ಪಾಸಾದಾಗ, ಮೈಮೇಲಿನ ಬಿಳಿ ಧೂಳನ್ನೂ ಝಾಡಿಸಿಕೊಳ್ಳದೆ ಆ ಕೋಣೆಯ ಬಾಗಿಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದ.

"ಅಕ್ಕೋರೆ, ನಮ್ಮ ಹುಡುಗಿಗಿ ಮಶೀನ್ ಕಲಸ್ರಿ. ನಮ್ಮ ಮನ್ಯಾಗ ಹೊಡ್ಯಾದಂದ್ರ ಸುತ್ತಿಗಿ ಒಂದೇ ಗೊತ್ತದ ನಮಗ."

"ಕೈಯಾಗ ಜೋರ್ ಇರ್ತದಲ್ಲ, ಮತ್ತೇನು ಬೇಕು? ಕುಂದ್ರಲಿ ಬಿಡ್ರಿ" ಎಂದರು ಅಕ್ಕೋರು.

ಬೇರೆ ಕಡೆ ಪರೀಕ್ಷೆಗೆ ಬರುವ ಅವವೇ ಸರ್ಕಾರಿ ಪತ್ರಗಳನ್ನು ಹೊಡೆಸುತ್ತಿದ್ದರು. ಅಕ್ಕೋರ ಪದ್ಧತಿಯೇ ಬೇರೆ. ಅವರು ಗ್ರಂಥಾಲಯದಿಂದ ಕಾದಂಬರಿ ತಂದು, ದಿನಕ್ಕೊಂದು ಪುಟ ನಮ್ಮ ಮುಂದಿಡುತ್ತಿದ್ದರು. ಆ ಪುಟ ಹೊಡೆಯಬೇಕು, ಮನೆಗೆ ಹೋಗಬೇಕು. ಮುಂದಿನ ಪುಟ ತಿರುವಿ ನೋಡುವಂತಿಲ್ಲ. ಪಠ್ಯಪುಸ್ತಕ ಬಿಟ್ಟರೆ ಬೇರೆ ಪುಸ್ತಕವೇ ಇಲ್ಲದ ಮನೆಯಿಂದ ಬಂದ ನಾನು ಕಥೆ ಓದಲು ಕಲಿತದ್ದು ಹೀಗೆ, ಒಂದೊಂದೇ ಅಕ್ಷರ ಬಡಿಯುತ್ತ.

ಒಂದು ದಿನದ ಪುಟದ ಕೊನೆಯಲ್ಲಿ, ಗಂಡನ ಜೊತೆ ಜಗಳಾಡಿದ ಒಬ್ಬ ಹೆಂಗಸು ನಸುಕಿನಲ್ಲೆದ್ದು ಹಗ್ಗ ಹಿಡಿದು ಬಾವಿಯ ಕಡೆ ಹೊರಟಳು. ಪುಟ ಮುಗಿಯಿತು.

"ಮುಂದೇನಾತ್ರಿ ಅಕ್ಕೋರೆ?"

"ನಾಳಿ ಬಂದು ಹೊಡಿ, ಗೊತ್ತಾಗ್ತದ."

"ಸತ್ತಳೇನ್ರಿ? ಅಷ್ಟು ಹೇಳ್ರಿ ಸಾಕು."

"ನಿನ್ನ ಕಾ ಒತ್ತು ಸರಿ ಬೀಳವಲ್ದು, ಮೊದಲ ಅದನ್ನ ನೋಡು. ಆಕಿ ಚಿಂತಿ ನಾಳಿ ಮಾಡೀಯಂತ."

ಆವತ್ತು ರೊಟ್ಟಿ ಇಳಿಯಲಿಲ್ಲ. ಮರುದಿನ ಓಡುತ್ತ ಬಂದು ಹೊಡೆದರೆ, ಆ ಪುಣ್ಯಾತ್ಗಿತ್ತಿ ಬಾವಿಯಲ್ಲಿ ಬಿದ್ದಿದ್ದ ಕೊಡ ತೆಗೆಯಲು ಹೋಗಿದ್ದಳು! ನಾನು ಮಶೀನಿನ ಮೇಲೆ ತಲೆಯಿಟ್ಟು ನಕ್ಕೆ. ಕಣ್ಣಲ್ಲಿ ನೀರೂ ಬಂದಿತ್ತು. ಅಕ್ಕೋರ ಬೆರಳು ತೊಡೆಯ ಮೇಲೆ ಓಡಾಡುತ್ತಿದ್ದವು. ನನ್ನ ನಗುವನ್ನು ಯಾವ ಅಕ್ಷರದಲ್ಲಿ ಹೊಡೆದರೋ ಗೊತ್ತಿಲ್ಲ.

ಅವರದು ಇನ್ನೊಂದು ಕಟ್ಟಪ್ಪಣೆಯಿತ್ತು. ತಪ್ಪಾಯಿತೆಂದು ಹಾಳಿಯನ್ನು ನಡುವೆ ಎಳೆದು ಹರಿಯುವಂತಿಲ್ಲ. ಎಷ್ಟೇ ತಪ್ಪಾಗಿರಲಿ, ಕೆಳಗಿನ ಸಾಲಿನವರೆಗೂ ಹೊಡೆದೇ ಮಶೀನಿನಿಂದ ತೆಗೆಯಬೇಕು. "ತಪ್ಪು ಮಾಡಿದ್ದು ಒಂದು ಅಕ್ಷರ, ಹರ್ಯಾದು ಇಡೀ ಹಾಳಿ. ಎಲ್ಲೀ ನ್ಯಾಯ ಅದು?" ಎನ್ನುತ್ತಿದ್ದರು.

ಟೈಪಿಂಗ್ ಪಾಸಾದ ಮೇಲೆ ಕೆಲಸ ಹುಡುಕುತ್ತೇನೆಂದರೆ, ಮೊದಲು ಡಿಗ್ರಿ ಮುಗಿಸು ಎಂದು ಹಟ ಹಿಡಿದರು. ಸಂಜೆ ಹೊಸ ಹುಡುಗಿಯರಿಗೆ ಕಲಿಸುವ ಕೆಲಸ ನನಗೆ ಕೊಟ್ಟರು, ಅದರಿಂದ ಕಾಲೇಜಿನ ಖರ್ಚು ನಡೆಯಿತು. ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಬಿಸಿಲಲ್ಲಿ ನಡೆದು ಗಳಿಸಿದ್ದು.

ಮುಂದೆ ಚಿತ್ತಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಶಹಾಬಾದಿನಿಂದ ವಾಡಿ, ವಾಡಿಯಲ್ಲಿ ಇಳಿದು ಇನ್ನೊಂದು ಗಾಡಿ. ಆ ಗಾಡಿ ಯಾವತ್ತೂ ಹೊತ್ತಿಗೆ ಬರುತ್ತಿರಲಿಲ್ಲ, ಹಾಗಾಗಿ ವಾಡಿ ಜಂಕ್ಷನ್ನಿನ ಕಲ್ಲುಬೆಂಚಿನ ಮೇಲೆ ನಾನು ಓದಿದಷ್ಟು ಕಾಲೇಜಿನಲ್ಲೂ ಓದಲಿಲ್ಲ. ಓದಿದ್ದನ್ನು ಹೇಳಲು ಮಾತ್ರ ಯಾರೂ ಇರಲಿಲ್ಲ. ಕಚೇರಿಯಲ್ಲಿ ಹೇಳಿದರೆ, "ಮೇಡಂ, ಪಗಾರ ಬರ್ಲಾಕತ್ತದ, ಇನ್ನ ಯಾವ ಪರೀಕ್ಷಾ ಕಟ್ಟೀರಿ?" ಎಂದು ನಗುತ್ತಿದ್ದರು.

ಅಷ್ಟರಲ್ಲಿ ಟೈಪ್‌ರೈಟರಿನ ಕಾಲ ಮುಗಿದಿತ್ತು. ಅಣ್ಣನವರು ಆ ಕೋಣೆಗೆ ಒಂದು ಕಂಪ್ಯೂಟರ್ ತಂದಿಟ್ಟು, ಇಂಟರ್ನೆಟ್ಟೂ ಹಾಕಿಸಿದರು. ಅಕ್ಕೋರು ಅದನ್ನು ಮುಟ್ಟಲಿಲ್ಲ. "ಬಡದ್ರೂ ಸದ್ದಿಲ್ಲ, ಗಂಟಿ ಇಲ್ಲ. ಎಂಥಾ ಮಶೀನೇ ಇದು?" ಪುಸ್ತಕಗಳ ಬಗ್ಗೆ ಯಾರು ಬೇಕಾದರೂ ಬ್ಲಾಗಿನಲ್ಲಿ ಬರೆಯಬಹುದು, ದೂರದವರೂ ಓದುತ್ತಾರೆ ಎಂದು ಪತ್ರಿಕೆಯಲ್ಲಿ ಓದಿದ್ದ ನಾನು ಅಲ್ಲೇ ಕೂತು ಒಂದು ಬ್ಲಾಗು ಶುರು ಮಾಡಿದೆ. ಪ್ರತಿ ಶನಿವಾರ ಸಂಜೆ ಗಾಡಿಯಿಳಿದು ನೇರ ಅಲ್ಲಿಗೆ. ನಾನು ಬರೆದದ್ದನ್ನು ಗಟ್ಟಿಯಾಗಿ ಓದುವುದು, ಅವರು ಅದನ್ನು ತೊಡೆಯ ಮೇಲೆ ಹೊಡೆಯುವುದು.

ಮೊದಲ ಬರಹ ಓದಿದೆ: "ಪ್ರಸ್ತುತ ಕೃತಿಯು ಸಾಮಾಜಿಕ ವಾಸ್ತವವನ್ನು ಸಮರ್ಥವಾಗಿ ಬಿಂಬಿಸುತ್ತದೆ..." ಅವರ ಬೆರಳು ನಿಂತುಬಿಟ್ಟವು.

"ಇದು ಯಾರ ಮಾತೇ?"

"ನಂದೇರಿ."

"ಸುಳ್ಳ ಹೇಳಬ್ಯಾಡ. ಆಕಿ ಸತ್ತಳೇನ್ರಿ ಅಂತ ನನ್ನ ಜೀವಾ ತಿಂದಿದ್ದೆಲ್ಲ, ಆ ಹುಡುಗಿ ಎಲ್ಲಿ ಹೋದಳು? ಆಕೀನ್ನ ಕರಕೊಂಡು ಬಾ, ಆಕಿ ಬರೀಲಿ."

ಆ ಹುಡುಗಿಯೇ ಬರೆದಳು. ಯಾವ ಪುಸ್ತಕ ಓದುವಾಗ ವಾಡಿಯಲ್ಲಿ ಗಾಡಿ ತಪ್ಪಿತು, ಯಾವ ಪುಟದಲ್ಲಿ ಅವ್ವನ ನೆನಪಾಯಿತು, ಯಾವ ಪಾತ್ರದ ಮೇಲೆ ಸಿಟ್ಟು ಬಂತು, ಹೀಗೆ. ಕಥೆಯನ್ನು ಪೂರ್ತಿ ಹೇಳುತ್ತಿರಲಿಲ್ಲ, ಹಗ್ಗ ಹಿಡಿದು ಹೊರಟಲ್ಲಿಗೆ ನಿಲ್ಲಿಸಿಬಿಡುತ್ತಿದ್ದೆ.

ಆದರೆ ನಮ್ಮಿಬ್ಬರಿಗೂ ಒಂದು ಸಂಗತಿ ಗೊತ್ತಿರಲಿಲ್ಲ. ಟೈಪ್‌ರೈಟರಿನಲ್ಲಿ ಸಾಲು ತುಂಬುತ್ತ ಬಂದಾಗ ಗಂಟೆ ಬಾರಿಸುತ್ತದೆ, ನಾವು ಕೈಯಿಂದ ಸಾಲು ಹೊರಳಿಸಬೇಕು. ಕಂಪ್ಯೂಟರಿನಲ್ಲಿ ಅಕ್ಷರ ತಾನೇ ಕೆಳಗಿನ ಸಾಲಿಗೆ ಇಳಿಯುತ್ತದೆ. ಇದು ತಿಳಿಯದೆ ಅಕ್ಕೋರು, "ಗಂಟಿ ಇಲ್ಲದ ಮಶೀನು, ನೀನೇ ಮನಸಿನಾಗ ಲೆಕ್ಕ ಇಟ್ಟು ಹೊಳ್ಳಸಬೇಕು" ಎಂದಿದ್ದರು. ನಾನೂ ಶಿಸ್ತಿನ ಶಿಷ್ಯೆ, ಮನಸ್ಸಿನಲ್ಲೇ ಗಂಟೆ ಬಾರಿಸಿಕೊಂಡು ಪ್ರತಿ ಸಾಲಿಗೂ ಎಂಟರ್ ಒತ್ತುತ್ತಿದ್ದೆ. ಬ್ಲಾಗಿನ ಪುಟಕ್ಕೆ ಹೋದಾಗ ಅವೆಲ್ಲ ಒಂದು ಉದ್ದ, ಒಂದು ಗಿಡ್ಡ, ಮುರಿದ ಪರಸಿಯ ಹಾಗೆ ಕಾಣುತ್ತಿದ್ದವು. ಬ್ಲಾಗೆಂದರೆ ಹೀಗೇ ಇರುತ್ತದೆಂದು ನಾವು ತಿಳಿದಿದ್ದೆವು. ಒಬ್ಬ ಓದುಗರಂತೂ ಅದನ್ನು ಕವಿತೆಯೆಂದೇ ತಿಳಿದು, "ಪುಸ್ತಕಗಳ ಮೇಲೆ ನೀವು ಬರೆಯುವ ಪದ್ಯ ಚೆನ್ನಾಗಿದೆ" ಎಂದು ಹೊಗಳಿದ್ದರು. ಆವತ್ತು ಅಕ್ಕೋರು ನನಗೆ ಶಿರಾ ಮಾಡಿ ತಿನ್ನಿಸಿದ್ದರು.

ಆಮೇಲೆ ಒಂದು ಶನಿವಾರ ಹೆಸರಿಲ್ಲದ ಒಬ್ಬರ ಟಿಪ್ಪಣಿ ಬಂದಿತ್ತು: "ಪುಸ್ತಕದ ಬಗ್ಗೆ ಬರೆಯುವ ಮೊದಲು ಸಾಲು ಎಲ್ಲಿ ಮುಗಿಸಬೇಕೆಂದು ಕಲಿಯಿರಿ. ಗದ್ಯವೂ ಅಲ್ಲ, ಪದ್ಯವೂ ಅಲ್ಲ. ಸಾಲಿಗೊಮ್ಮೆ ಎಂಟರ್ ಒತ್ತಲು ನಿಮಗೆ ಯಾರು ಕಲಿಸಿದರು? ಎಲ್ಲರೂ ಬರೆಯಲೇಬೇಕೆಂದೇನೂ ಇಲ್ಲ."

ಕೊನೆಯ ಮಾತು ಎದೆಗೆ ನೆಟ್ಟಿತು. ಕಾಲೇಜಿನಲ್ಲಿ, ಕಚೇರಿಯಲ್ಲಿ, ಎಲ್ಲ ಕಡೆ ಬಾಗಿಲಲ್ಲೇ ನಿಂತು ಒಳಗೆ ಬರಲೋ ಬೇಡವೋ ಎಂದು ನೋಡಿದವಳು ನಾನು. ಬ್ಲಾಗು ಮಾತ್ರ ನನ್ನದೇ ಮನೆ ಎಂದುಕೊಂಡಿದ್ದೆ.

"ಎಲ್ಲಾ ಅಳಸಿಬಿಡ್ತೀನ್ರಿ ಅಕ್ಕೋರೆ. ಇದು ನಮ್ಮಂಥೋರ ಕೆಲಸಲ್ಲ."

ಅವರು ಟಿಪ್ಪಣಿಯನ್ನು ಇನ್ನೊಮ್ಮೆ ಓದಿಸಿಕೊಂಡರು. "ಅಂದ್ರ ಸಾಲು ತಾನೇ ಹೊಳ್ಳತದೇನು?"

ನಾನು ಎಂಟರ್ ಒತ್ತದೆ ಒಂದೆರಡು ಸಾಲು ಹೊಡೆದು ನೋಡಿದೆ. "ಹೂಂರಿ."

"ಅಯ್ಯ ದೇವರೇ! ಮತ್ತ ನಾ ಸುಳ್ಳೇ ಗಂಟಿ ಬಾರಿಸಿದೆ!" ಎಂದು ಸೆರಗು ಬಾಯಿಗೆ ಹಿಡಿದು ನಕ್ಕರು. ನನಗೆ ಅಳು, ಅವರಿಗೆ ನಗು. ಆಮೇಲೆ ಅದೇ ಸೆರಗಿನಿಂದ ಕಣ್ಣೊರೆಸಿಕೊಂಡು, "ಸಾಲು ತಪ್ಪ್ಯಾವ, ಮಾತು ತಪ್ಪಿಲ್ಲ. ಹಾಳಿ ಹರೀಬ್ಯಾಡ. ಮುಂದಿನ ಶನಿವಾರ ತನಕ ತಡಿ, ಆಮ್ಯಾಲ ನಿನ್ನ ಮನಸು" ಎಂದರು.

ಮುಂದಿನ ಶನಿವಾರ ನಾನು ಅಳಿಸಲೆಂದೇ ಹೋದೆ. ಅಕ್ಕೋರು ಕಂಪ್ಯೂಟರಿನ ಮುಂದೆ ಕೂತಿದ್ದರು. ಕಣ್ಣು ಕೆಂಪಾಗಿತ್ತು, ಮೂಗಿನ ತುದಿಗೆ ಚಾಳೀಸು ಇಳಿದಿತ್ತು. ನನ್ನ ಬ್ಲಾಗು ಅಲ್ಲಿ ತೆರೆದೇ ಇರುತ್ತಿತ್ತು. ಅಣ್ಣನವರಿಂದ ಹೇಗೆಂದು ಕೇಳಿಕೊಂಡು, ಮುಟ್ಟುವುದಿಲ್ಲ ಎಂದಿದ್ದ ಆ ಮಶೀನಿನಲ್ಲಿ ಮುರಿದ ಸಾಲುಗಳನ್ನೆಲ್ಲ ಅವರೇ ಒಂದೊಂದಾಗಿ ಕೂಡಿಸಿದ್ದರು. ಎಲ್ಲ ಬರಹಗಳೂ ಅಚ್ಚಾದ ಪುಸ್ತಕದ ಪುಟದಂತೆ ನೆಟ್ಟಗೆ ನಿಂತಿದ್ದವು. ಮಾತು ಒಂದನ್ನೂ ಬದಲಿಸಿರಲಿಲ್ಲ.

ಅಣ್ಣನವರು ಒಳಗಿನಿಂದ ಕೂಗಿದರು: "ವಾರದಿಂದ ಮನ್ಯಾಗ ಯಾರಿಗೂ ಮಾತಾಡಿಲ್ಲ ನಿಮ್ಮ ಅಕ್ಕೋರು. ಏಕಾದಶಿ ಬಂದದ್ದೂ ಗೊತ್ತಿಲ್ಲ ಆಕಿಗೆ."

"ಉಪಾಸ ತಾನೇ ಆಗ್ಯದಲ್ಲ, ಬಿಡೋ" ಎಂದು ಇವರು ಇಲ್ಲಿಂದಲೇ ಉತ್ತರ ಕೊಟ್ಟು, ಕುರ್ಚಿ ನನ್ನ ಕಡೆ ಹೊರಳಿಸಿದರು. "ಅದಿರಲಿ. ಆ ಮೂರನೇ ಪುಸ್ತಕದಾಗ ತವರಿಗೆ ಹೋಗ್ತೀನಂತ ಟಾಂಗಾ ಹತ್ತಿದಳಲ್ಲ ಸೊಸಿ, ಮುಂದೇನಾತೇ ಆಕಿಗೆ?"

ಇಷ್ಟು ವರ್ಷ ನಾನು ಕೇಳುತ್ತಿದ್ದ ಮಾತು ಅದು. ಈಗ ಅವರು ಕೇಳುತ್ತಿದ್ದಾರೆ, ಅದೂ ನಾನು ಬರೆದದ್ದನ್ನು ಓದಿ. ಅಳಿಸುವ ಯೋಚನೆ ಎಲ್ಲಿ ಹೋಯಿತೋ.

"ಲೈಬ್ರರಿಯಿಂದ ತಂದು ಕೊಡ್ತೀನಿ, ಓದ್ರಿ, ಗೊತ್ತಾಗ್ತದ" ಎಂದೆ.

"ಭಾಳ ಶಾಣ್ಯಾಕಿ ಆದಿ!" ಎಂದು ಬೆನ್ನಿಗೆ ಗುದ್ದಿದರು. ಗುದ್ದಿನಲ್ಲಿ ಟೈಪಿಂಗ್ ಕೈಯ ಜೋರಿತ್ತು.

ಬ್ಲಾಗಿನಿಂದ ಏನು ಸಿಕ್ಕಿತು ಎಂದು ಜನ ಈಗಲೂ ಕೇಳುತ್ತಾರೆ. ಅಪ್ಪನೂ ಕೇಳಿದ್ದ, "ಇದಕ್ಕೇನರ ಕೊಡ್ತಾರೇನವಾ?" ಎಂದು. ಕೊಟ್ಟರು. ಚಿಂಚೋಳಿಯ ಒಬ್ಬ ನರ್ಸಬಾಯಿ ನನ್ನ ಬರಹ ಓದಿ ಒಂದು ಕಾದಂಬರಿ ಹುಡುಕಿಕೊಂಡು ಸೇಡಂವರೆಗೆ ಹೋದಳು, ಸಿಕ್ಕಾಗ ಖುಷಿಯಿಂದ ನನಗೆ ಬರೆದಳು. ಸುಲೇಪೇಟದ ಮಾಸ್ತರರೊಬ್ಬರು ಶಾಲೆಯಲ್ಲಿ ದಿನಕ್ಕೊಂದು ಪುಟ ಓದಿ ನಿಲ್ಲಿಸುವ ನಮ್ಮ ಅಕ್ಕೋರ ಪದ್ಧತಿ ಹಿಡಿದರು. ಮುಖ ನೋಡದವರು ಟೈಪಿಂಗ್ ಶಾಲೆಯ ವಿಳಾಸಕ್ಕೆ ಪುಸ್ತಕದ ಪಾರ್ಸಲ್ ಕಳಿಸಿದರು. ಮಶೀನುಗಳ ಮೇಲಿನ ಹೊದಿಕೆ ತೆಗೆಯದೆ, ಅವುಗಳ ಮೇಲೇ ಪುಸ್ತಕ ಪೇರಿಸಿ ಅಕ್ಕೋರು ಓಣಿಯವರಿಗೆಲ್ಲ ಓದಲು ಕೊಡುತ್ತಿದ್ದರು. ಆದರೆ ಈ ಎಲ್ಲಕ್ಕಿಂತ ನನಗೆ ದೊಡ್ಡದು, ಕುರ್ಚಿ ಹೊರಳಿಸಿ ಅವರು ಕೇಳಿದ ಆ ಒಂದು ಪ್ರಶ್ನೆ.

ಕೆಲವು ವರ್ಷಗಳ ನಂತರ ಅಕ್ಕೋರು ಹಾಸಿಗೆ ಹಿಡಿದರು. ಓದುವ ಶಕ್ತಿ ಇರಲಿಲ್ಲ. ಸಂಜೆ ಗಾಡಿಯಿಳಿದು ಹೋಗಿ ನಾನೇ ಕಥೆ ಹೇಳುತ್ತಿದ್ದೆ, ಒಳ್ಳೆ ಜಾಗದಲ್ಲಿ ನಿಲ್ಲಿಸಿ, "ನಾಳಿ ಹೇಳ್ತೀನ್ರಿ" ಎಂದು ಏಳುತ್ತಿದ್ದೆ. ಮುಂದಿನದು ಕೇಳಲೆಂದಾದರೂ ನಾಳೆಗೆ ಇರುತ್ತಾರೆಂಬ ಆಸೆ. ಅವರಿಗೂ ಅದು ಗೊತ್ತಿತ್ತು, ನಗುತ್ತಿದ್ದರು. ಒಂದು ಸಂಜೆ ಮಾತ್ರ, ನಾನು ಏಳುವಾಗ ಕೈ ಹಿಡಿದರು.

"ಇವತ್ತ ನಾಳಿ ಅನಬ್ಯಾಡ. ಪೂರಾ ಹೇಳಿಬಿಡು."

ಕುಂತೆ. ಪೂರಾ ಹೇಳಿದೆ. ಹೊದಿಕೆಯ ಮೇಲೆ ಅವರ ಬೆರಳು ನಿಧಾನಕ್ಕೆ ಏಳುತ್ತ ಬೀಳುತ್ತ ಇದ್ದವು. ಸಾಲು ತುಂಬಿದಾಗಲೆಲ್ಲ ಎಡಗೈ ಒಂದಿಷ್ಟೇ ಮೇಲೆದ್ದು ಬಲಕ್ಕೆ ಸರಿಯುತ್ತಿತ್ತು. ನಾನು ಆ ಕೈಗೆ ಕಾಯ್ದು ಮುಂದಿನ ಸಾಲು ಹೇಳಿದೆ. ಮುಗಿದ ಮೇಲೆ, "ಛಲೋ ಆತು" ಎಂದರು. ಮರುದಿನ ನಾನು ವಾಡಿಯಲ್ಲಿ ಗಾಡಿಗೆ ಕಾಯುತ್ತಿದ್ದಾಗ ಅಣ್ಣನವರ ಫೋನು ಬಂತು.

ಬ್ಲಾಗಿನಲ್ಲಿ ನಾನು ಯಾವ ಪುಸ್ತಕದ ಕಥೆಯನ್ನೂ ಇಂದಿಗೂ ಪೂರ್ತಿ ಹೇಳುವುದಿಲ್ಲ, ಹಗ್ಗ ಹಿಡಿದು ಹೊರಟಲ್ಲಿಗೆ ನಿಲ್ಲಿಸುತ್ತೇನೆ. ಇದೊಂದನ್ನು ಮಾತ್ರ ನಡುವೆ ನಿಲ್ಲಿಸಲು ಮನಸ್ಸಾಗಲಿಲ್ಲ, ಅಕ್ಕೋರೆ. ಪೂರಾ ಹೇಳಿದ್ದೇನೆ.