ಕರಡಚ್ಚಿನ ಚೀಲ

ವಿಶ್ವವಿದ್ಯಾಲಯದಲ್ಲಿ ನಮಗೆ ಪ್ರಬಂಧ ಬರೆಯುವುದನ್ನು ಕಲಿಸುತ್ತಿದ್ದ ಮೇಷ್ಟ್ರು ಒಂದು ಸಾಹಿತ್ಯ ಪತ್ರಿಕೆಯ ಸಂಪಾದಕರೂ ಆಗಿದ್ದರು. ನಮ್ಮ ಬರಹವನ್ನು ಸತ್ತ ಜಿರಲೆಯಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದರಲ್ಲಿ ಅನುಭವ ಎಲ್ಲಿದೆಯಪ್ಪಾ?" ಎನ್ನುತ್ತಿದ್ದರು. ಅವರ ಸ್ವಂತ ಅನುಭವವೆಲ್ಲ ಸ್ಟಾಫ್ ರೂಮಿನ ಬೆತ್ತದ ಕುರ್ಚಿಯಲ್ಲೇ ಆದದ್ದು.

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮನ್ನು ಹೊನ್ನಾಳಿಗೆ ಬರವಣಿಗೆ ಶಿಬಿರಕ್ಕೆ ಕರೆದೊಯ್ದರು. ಹೊಳೆಗೆ ಸೇತುವೆ ಇದ್ದರೂ ಅನುಭವಕ್ಕೆಂದು ಹರಿಗೋಲು ಹತ್ತಿಸಿದರು. ನಡುಹೊಳೆಯಲ್ಲಿ ಎದ್ದು ನಿಂತು ಅಲೆಗಳನ್ನು ವರ್ಣಿಸತೊಡಗಿದರು.

"ಸಾರ್, ನಿಂದರಬ್ಯಾಡ್ರೀ, ಕುಂದರ್ರೀ!" ಎಂದು ಅಂಬಿಗ ಕೂಗಿದ.

"ಕುಂದರ್ರೀ! ಆಹಾ, ಎಂಥ ಕ್ರಿಯಾಪದ! ಬರೆದುಕೊಳ್ಳಿ," ಎಂದರು ಮೇಷ್ಟ್ರು, ನಿಂತುಕೊಂಡೇ.

ಹರಿಗೋಲು ವಾಲಿತು. ಮೇಷ್ಟ್ರು ಒಳಕ್ಕೆ ಕುಸಿದರು. ಈಜು ಬಾರದ ನನ್ನ ಜಗಳೂರಿನ ಗೆಳೆಯ ಹೊರಕ್ಕೆ ಬಿದ್ದ. ಅವನು ಚಾಚಿದ ಕೈ ಮೇಷ್ಟ್ರಿಗೆ ಮಾತ್ರ ಎಟುಕುವಂತಿತ್ತು. ಅವರು ಪತ್ರಿಕೆಯ ಕರಡಚ್ಚಿದ್ದ ಚೀಲವನ್ನು ಎರಡೂ ಕೈಯಿಂದ ಎದೆಗವಚಿಕೊಂಡಿದ್ದರು.

"ಚೀಲ ಬಿಟ್ಟು ಕೈ ಕೊಡ್ರೀ!" ಎಂದು ಅಂಬಿಗ ಕಿರುಚಿದ.

"ಒದ್ದೆಯಾಗುತ್ತಲ್ಲಾ," ಎಂದರು.

ಆ ಕೈ ಇಂದಿಗೂ ನನ್ನ ಕಣ್ಣೆದುರು ಮುಳುಗುತ್ತಲೇ ಇದೆ. ಕೊನೆಗೆ ಅಂಬಿಗನೇ ನೀರಿಗೆ ಹಾರಿ, ಕೂದಲು ಹಿಡಿದು ಅವನನ್ನು ಎಳೆದು ತಂದ.

ದಡದಲ್ಲಿ ಗೆಳೆಯ ನೀರು ಕಾರಿಕೊಂಡು ನಡುಗುತ್ತಿದ್ದಾಗ ಮೇಷ್ಟ್ರು ಅವನ ಬೆನ್ನು ತಟ್ಟಿದರು. "ಇದಪ್ಪಾ ಅನುಭವ! ಮುಂದಿನ ಸಂಚಿಕೆಗೆ ಬರೆದುಕೊಡು."

"ಬರೀತೀನಿ ಸಾರ್. ನೀವು ಚೀಲ ತಬ್ಕಂಡು ಕುಂತಿದ್ದೂ ಬರೀಲಾ?"

ಮೇಷ್ಟ್ರು ಗಂಭೀರವಾಗಿ ಯೋಚಿಸಿದರು.

"ಬೇಡ," ಎಂದರು. "ಅದು ವಿಷಯಾಂತರವಾಗುತ್ತೆ."